ಹ್ಯಾಮಿಲ್ಟನ್ನಿನಿಂದ ಅಣ್ಣನಿಗೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್
ಜುಲೈ 27

ತೀರ್ಥರೂಪ ಸಮಾನರಾದ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯ ತನಕ ನಾನು ಊರು ಸುತ್ತುವುದೇ. ಇಲ್ಲೀಗ ಚಳಿಗಾಲ, ಬೆಳಗಿನ ಹೊತ್ತು ವೈಕಾಟೊ ನದಿಯ ಮೇಲೆ ಮಂಜು ಕವಿದಿರುತ್ತದೆ. ನಿನ್ನೆ ಪಕ್ಕದ ಮನೆಯ ಹಿರಿಯಾಕೆ ನನ್ನನ್ನು ಇಲ್ಲಿಯ ರಗ್ಬಿ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕೇಳಿದ್ದನ್ನು ನಿಮಗೆ ಬರೆಯದೆ ಸಮಾಧಾನವಾಗಲಿಲ್ಲ.

1974ರಲ್ಲಿ ನಮ್ಮ ದೇಶ ಟೆನಿಸ್‌ನ ಡೇವಿಸ್ ಕಪ್ ಫೈನಲ್ ತಲುಪಿಯೂ ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆ ಆಡುವುದಿಲ್ಲ ಎಂದು ಬಿಟ್ಟುಕೊಟ್ಟಿತಲ್ಲ, ಆಗ ನೀವು ಎಷ್ಟು ಸಿಟ್ಟಾಗಿದ್ದಿರಿ! ಅಮೃತರಾಜ್ ಸಹೋದರರ ಕೈಗೆ ಬಂದ ಕಪ್ಪು ಹೋಯಿತೆಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಆಟದಾಗ ರಾಜಕಾರಣ ಯಾಕ ತರ್ತಾರ?’ ಅಂತ ಅಪ್ಪನ ಜೊತೆ ವಾದಕ್ಕೆ ಇಳಿದಿದ್ದಿರಿ. 1981ರಲ್ಲಿ ಈ ದೇಶವನ್ನು ಸೀಳಿ ಹಾಕಿದ್ದೂ ಅದೇ ಪ್ರಶ್ನೆ.

ನಮ್ಮಲ್ಲಿ ಕ್ರಿಕೆಟ್ ಹೇಗೋ ಇಲ್ಲಿ ರಗ್ಬಿ ಹಾಗೆ. ದಕ್ಷಿಣ ಆಫ್ರಿಕಾದ ಸ್ಪ್ರಿಂಗ್‌ಬಾಕ್ ತಂಡವೆಂದರೆ ಇವರಿಗೆ ಎಲ್ಲಕ್ಕಿಂತ ದೊಡ್ಡ ಎದುರಾಳಿ. ಆ ಆಟಕ್ಕಾಗಿ ಇವರು ತೆತ್ತ ಬೆಲೆ ಕೇಳಿ. ಅಲ್ಲಿಯ ಬಿಳಿಯರ ಸರ್ಕಾರಕ್ಕೆ ಬೇಡವೆಂದು ದಶಕಗಳ ಕಾಲ ತಮ್ಮದೇ ದೇಶದ ಮೂಲನಿವಾಸಿ ಮಾವೊರಿ ಆಟಗಾರರನ್ನು ಮನೆಯಲ್ಲಿ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಿದ್ದರು. ಜಾರ್ಜ್ ನೇಪಿಯಾ ಎಂಬ ಮಹಾ ಆಟಗಾರನಿಗೇ 1928ರಲ್ಲಿ ಹಾಗಾಯಿತು. 1960ರಲ್ಲಿ ‘ಮಾವೊರಿಗಳಿಲ್ಲದಿದ್ದರೆ ಪ್ರವಾಸವೂ ಬೇಡ’ ಎಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ತಂಡ ಹೋಗಿಯೇ ಹೋಯಿತು. 1970ರಲ್ಲಿ ಮಾವೊರಿಗಳನ್ನು ಕರೆದುಕೊಂಡು ಹೋದರು, ‘ಗೌರವ ಬಿಳಿಯರು’ ಎಂಬ ಹಣೆಪಟ್ಟಿ ಹಚ್ಚಿ! ಆಟದೊಳಗೆ ರಾಜಕಾರಣ ತಂದವರು ಯಾರು ಎಂದು ನೀವೇ ಹೇಳಿ, ಅಣ್ಣ. 1976ರಲ್ಲಿ ಸೊವೆಟೊದಲ್ಲಿ ಶಾಲೆಯ ಮಕ್ಕಳ ಮೇಲೆ ಗುಂಡು ಹಾರಿಸಿದ ಕೆಲವೇ ದಿನಗಳಲ್ಲಿ ಇವರ ತಂಡ ಅಲ್ಲಿಗೆ ಹೊರಟಿತು. ಅದನ್ನು ಖಂಡಿಸಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ನಡೆದವು. ವರ್ಣಭೇದದ ದೇಶದೊಂದಿಗಿನ ಆಟವನ್ನು ನಿರುತ್ಸಾಹಗೊಳಿಸುತ್ತೇವೆ ಎಂಬ ಗ್ಲೆನ್‌ಈಗಲ್ಸ್ ಒಪ್ಪಂದಕ್ಕೆ ಮರುವರ್ಷ ಪ್ರಧಾನಿ ಮಲ್ಡೂನ್ ಒಪ್ಪಿದರು. 1981ರಲ್ಲಿ ಸ್ಪ್ರಿಂಗ್‌ಬಾಕ್ ತಂಡ ಬರುವಾಗ ಅದೇ ಮಲ್ಡೂನ್ ತಡೆಯಲಿಲ್ಲ.

ಆ ವರ್ಷದ ಜುಲೈ 25, ಶನಿವಾರ. ಹ್ಯಾಮಿಲ್ಟನ್ನಿನಲ್ಲಿ ಪಂದ್ಯ. ನಮ್ಮ ಪಕ್ಕದ ಮನೆಯಾಕೆಗೆ ಆಗ ಇಪ್ಪತ್ತೈದರ ವಯಸ್ಸು. ಊರ ನಡುವಿನ ಗಾರ್ಡನ್ ಪ್ಲೇಸ್‌ನಿಂದ ಮೆರವಣಿಗೆ ಹೊರಟು ಮೈದಾನ ತಲುಪಿತು. ತಂತಿ ಬೇಲಿಯನ್ನು ಎಳೆದು ಕೆಡವಿ ಮುನ್ನೂರಕ್ಕೂ ಹೆಚ್ಚು ಜನ ಒಳಗೆ ನುಗ್ಗಿ, ಮೈದಾನದ ನಡುಮಧ್ಯೆ ತೋಳಿಗೆ ತೋಳು ಹೆಣೆದು ನಿಂತುಬಿಟ್ಟರು. ಪೊಲೀಸರು ಒಬ್ಬೊಬ್ಬರನ್ನೇ ಎಳೆಯತೊಡಗಿದರು. ಅಷ್ಟರಲ್ಲಿ ಯಾರೋ ಸಣ್ಣ ವಿಮಾನವೊಂದನ್ನು ಕದ್ದು ಈ ಕಡೆ ಹಾರಿಸಿಕೊಂಡು ಬರುತ್ತಿದ್ದಾರೆಂಬ ಸುದ್ದಿ ಬಂತು. ಆಟ ಶುರುವಾಗಲೇ ಇಲ್ಲ. ಪೊಲೀಸ್ ಮುಖ್ಯಸ್ಥರು ಪಂದ್ಯ ರದ್ದು ಮಾಡಿದರು. ದಕ್ಷಿಣ ಆಫ್ರಿಕಾದಲ್ಲಿ ಇದೇ ಪಂದ್ಯಕ್ಕಾಗಿ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದ ಬಿಳಿಯರ ಕಣ್ಣಿಗೆ ಬಿದ್ದದ್ದು ಆ ಜನರ ಸಾಲು. ವರ್ಣಭೇದದ ವಿರುದ್ಧ ಹೋರಾಡಿದವರನ್ನು ಕೂಡಿಹಾಕಿದ್ದ ರಾಬೆನ್ ದ್ವೀಪದ ಜೈಲಿಗೂ ಸುದ್ದಿ ಮುಟ್ಟಿತು.

ಆಕೆ ಹೆಚ್ಚು ಹೊತ್ತು ಹೇಳಿದ್ದು ಪಂದ್ಯ ರದ್ದಾದ ಮೇಲಿನದನ್ನು. ರೊಚ್ಚಿಗೆದ್ದ ಪ್ರೇಕ್ಷಕರು ಬಾಟಲಿ, ಡಬ್ಬಿ ತೂರಿದರು. ಹೊರಗೆ ಹೋಗುವ ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಹೊಡೆದರು. ಆ ಪ್ರೇಕ್ಷಕರಲ್ಲಿ ಆಕೆಯ ಸ್ವಂತ ಅಣ್ಣನೂ ಇದ್ದನಂತೆ. ಅವನು ಕೈ ಎತ್ತಲಿಲ್ಲ, ಆದರೆ ತಂಗಿಯನ್ನು ನೋಡಿ ಮುಖ ತಿರುಗಿಸಿದ. ಆ ವರ್ಷ ಕ್ರಿಸ್ಮಸ್ ಊಟಕ್ಕೆ ಇಬ್ಬರೂ ಒಂದೇ ಮನೆಗೆ ಹೋಗಲಿಲ್ಲ. ಆಗ ಇಲ್ಲಿ ಇಂಥ ಮನೆಗಳು ಒಂದೆರಡಲ್ಲ.

ನಾಲ್ಕು ದಿನಕ್ಕೆ ವೆಲ್ಲಿಂಗ್ಟನ್ನಿನ ಮೋಲ್ಸ್‌ವರ್ತ್ ಬೀದಿಯಲ್ಲಿ ಪೊಲೀಸರು ಲಾಠಿ ಬೀಸಿ ತಲೆ ಒಡೆದರು. ಅಲ್ಲಿಂದ ಮುಂದೆ ಜನ ಮೆರವಣಿಗೆಗೆ ಮೋಟರ್ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಬರತೊಡಗಿದರು. ಶಿಕ್ಷಕಿಯರು, ಪಾದ್ರಿಗಳು, ಅಜ್ಜಿಯರು. ಸುಮಾರು ಎಂಟು ವಾರ ಹೀಗೇ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ, ಇನ್ನೂರಕ್ಕೂ ಹೆಚ್ಚು ಪ್ರತಿಭಟನೆ. ಸೆಪ್ಟೆಂಬರ್ 12ರಂದು ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಕೊನೆಯ ಟೆಸ್ಟ್ ನಡೆಯುವಾಗ ಸಣ್ಣ ವಿಮಾನವೊಂದು ತಲೆಯ ಮೇಲೆಯೇ ಸುತ್ತುತ್ತ ಹಿಟ್ಟಿನ ಪೊಟ್ಟಣಗಳನ್ನು ಸುರಿಯಿತು. ಒಂದು ಬಡಿದು ಆಟಗಾರ ಗ್ಯಾರಿ ನೈಟ್ ನೆಲಕ್ಕೆ ಬಿದ್ದ. ಆದರೂ ಆಟ ನಿಲ್ಲಿಸಲಿಲ್ಲ. ನ್ಯೂಜಿಲೆಂಡ್ 25–22ರಿಂದ ಗೆದ್ದಿತು. ಆಟಗಾರರ ಜೀವವನ್ನು ಅಪಾಯಕ್ಕೆ ಒಡ್ಡಿದ ಆ ವಿಮಾನವನ್ನು ನಾನು ಒಪ್ಪಲಾರೆ. ಹ್ಯಾಮಿಲ್ಟನ್ನಿನಲ್ಲಿ ಬರಿಗೈಯಲ್ಲಿ ನಿಂತವರ ಧೈರ್ಯ ಬೇರೆಯದು.

ಇಷ್ಟಾಗಿಯೂ ಪ್ರವಾಸ ಪೂರ್ತಿ ನಡೆಯಿತು. ನವೆಂಬರಿನ ಚುನಾವಣೆಯಲ್ಲಿ ಮಲ್ಡೂನ್ ಕೂದಲೆಳೆಯ ಅಂತರದಲ್ಲಿ ಮತ್ತೆ ಗೆದ್ದರು. ಆದರೆ 1985ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟ ತಂಡವನ್ನು ಇಲ್ಲಿಯ ಹೈಕೋರ್ಟೇ ತಡೆಯಿತು. ನನಗೆ ಎಲ್ಲಕ್ಕಿಂತ ದೊಡ್ಡವನಾಗಿ ಕಂಡವನು ಗ್ರಹಾಂ ಮೌರಿ. ದೇಶದ ತಂಡದ ನಾಯಕ. ಸ್ಪ್ರಿಂಗ್‌ಬಾಕ್‌ಗಳ ಎದುರು ಆಡುವುದಿಲ್ಲ ಎಂದು ತಾನಾಗಿ ಹಿಂದೆ ಸರಿದ. ಆಟಗಾರನೊಬ್ಬ ಜೀವಮಾನವೆಲ್ಲ ಕಾಯುವ ಸರಣಿ ಅದು.

ಮಾವೊರಿಗಳು ಆಗ ಜೊತೆಯ ಬಿಳಿಯ ಪ್ರತಿಭಟನಾಕಾರರಿಗೆ ಒಂದು ಪ್ರಶ್ನೆ ಹಾಕಿದರು: ದೂರದ ದೇಶದ ಅನ್ಯಾಯಕ್ಕೆ ಬೀದಿಗೆ ಇಳಿದಿರಿ, ನಮ್ಮಿಂದ ಕಸಿದ ಭೂಮಿಯ ಮಾತಿಗೆ ಎಲ್ಲಿದ್ದಿರಿ? ಆಕ್ಲೆಂಡಿನ ಬಾಸ್ಟಿಯನ್ ಪಾಯಿಂಟ್‌ನಲ್ಲಿ ತಮ್ಮ ನೆಲಕ್ಕಾಗಿ 506 ದಿನ ಕೂತವರನ್ನು ಪೊಲೀಸರು ಎಬ್ಬಿಸಿ ಕೇವಲ ಮೂರು ವರ್ಷವಾಗಿತ್ತು. ಈ ಹ್ಯಾಮಿಲ್ಟನ್ ಇರುವುದೂ 1860ರ ದಶಕದ ಯುದ್ಧದಲ್ಲಿ ವೈಕಾಟೊ ಮಾವೊರಿಗಳಿಂದ ಕಿತ್ತುಕೊಂಡ ನೆಲದ ಮೇಲೆ. ಆ ಪ್ರಶ್ನೆ ತನ್ನ ಬದುಕನ್ನೇ ಬದಲಿಸಿತು, ಅದಾದ ಮೇಲೆ ಮಾವೊರಿ ಭಾಷೆ ಕಲಿಯಲು ಕೂತೆ ಎಂದರು ಆಕೆ.

ಅದನ್ನು ಕೇಳುವಾಗ ನನ್ನ ಮನಸ್ಸು ನಮ್ಮ ಧಾರವಾಡಕ್ಕೇ ಹೋಯಿತು. ದಲಿತ ಕ್ರಿಕೆಟಿಗ ಪಾಲ್ವಣಕರ್ ಬಾಳೂ ಹುಟ್ಟಿದ್ದು ನಮ್ಮೂರಿನಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಎಡಗೈ ಬೌಲರ್. ಪುಣೆಯಲ್ಲಿ ಹಿಂದೂಗಳ ತಂಡಕ್ಕೆ ಆಡುವಾಗ, ಜೊತೆಯವರು ಪೆವಿಲಿಯನ್ನಿನಲ್ಲಿ ಕಪ್ಪು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರೆ ಅವನಿಗೆ ಹೊರಗೆ ಮಣ್ಣಿನ ಕುಡಿಕೆ. ಚೆಂಡು ಮುಟ್ಟಿದರೆ ಮೈಲಿಗೆಯಿಲ್ಲ, ಬಟ್ಟಲು ಮುಟ್ಟಿದರೆ ಮೈಲಿಗೆ. ಬಾಂಬೆಯ ಹಿಂದೂ ತಂಡದ ನಾಯಕತ್ವ ಅವನಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠಲನಿಗೆ ಸಿಕ್ಕಿತು. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಇಷ್ಟು ಕ್ರಿಕೆಟ್ ಮಾತಾಡಿದೆವು, ಬಾಳೂನ ಹೆಸರು ಒಮ್ಮೆಯೂ ಬರಲಿಲ್ಲವಲ್ಲ, ಅಣ್ಣ?

ಸಂಜೆ ವಾಕಿಂಗಿನಲ್ಲಿ ನಿಮ್ಮ ಹಳೆಯ ಕ್ಲಬ್ಬಿನವರು ಸಿಕ್ಕರೆ ಅವನ ವಿಷಯ ಎತ್ತಿ, ಯಾರಿಗಾದರೂ ಗೊತ್ತಿದೆಯೇ ಕೇಳಿ ನೋಡಿ. ಡೇವಿಸ್ ಕಪ್ಪಿನ ಬಗ್ಗೆ ಈಗ ಏನನ್ನಿಸುತ್ತದೆ ಎಂದೂ ಬರೆಯಿರಿ; ನಿಮ್ಮ ವಾದ ಬದಲಾಗದಿದ್ದರೆ ಅದನ್ನೂ ಬರೆಯಿರಿ. ಮುಂದಿನ ವಾರ ಮಗ ಆಕ್ಲೆಂಡಿಗೆ ಕರೆದುಕೊಂಡು ಹೋಗುತ್ತಾನೆ. ಈಡನ್ ಪಾರ್ಕಿಗಿಂತ ಮೊದಲು ಬಾಸ್ಟಿಯನ್ ಪಾಯಿಂಟ್ ನೋಡಬೇಕೆಂದು ಹೇಳಿದ್ದೇನೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ತಂಗಿ