ವಾಲಿದ ಕಂಬಗಳ ದಾರಿಯಲ್ಲಿ

ಪ್ಯಾರಿಸ್ಸಿನ ಉತ್ತರ ನಿಲ್ದಾಣದಿಂದ ಹೊರಟ ರೈಲು ಊರು ದಾಟಿ ಬಯಲಿಗೆ ಬಿದ್ದ ಮೇಲೆ ಮಗ ಮೊಬೈಲನ್ನು ಅಡ್ಡ ಹಿಡಿದು ಕಿಟಕಿಯಾಚೆಗೆ ಒಂದು ಚಿತ್ರ ತೆಗೆದ. ತೆಗೆದವನೇ ಮುಖ ಸಿಂಡರಿಸಿದ. ಹಳಿಯ ಪಕ್ಕದ ಕಂಬಗಳೆಲ್ಲ ಬಿರುಗಾಳಿಗೆ ಸಿಕ್ಕ ಅಡಿಕೆ ಮರಗಳ ಹಾಗೆ ಒಂದೇ ಕಡೆಗೆ ವಾಲಿಕೊಂಡಿದ್ದವು.

"ಕೆಟ್ಟುಹೋಯ್ತು, ಅಳಿಸಿಬಿಡ್ತೀನಿ" ಎಂದ.

"ಇರಲಿ ಬಿಡೋ. ನಾವು ಹೊರಟಿರೋದೇ ಅಂಥದೊಂದು ಕೆಟ್ಟ ಚಿತ್ರ ಹುಟ್ಟಿದ ಊರಿಗೆ" ಎಂದೆ.

ಪ್ಯಾರಿಸ್ಸಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದೆವು. ಕಿರಿಯವನು ದ್ವಿತೀಯ ಪಿಯುಸಿ ಮುಗಿಸಿ, ಇಂಜಿನಿಯರಿಂಗ್ ಬೇಡ, ಫೋಟೋಗ್ರಫಿ ಕಲಿಯುತ್ತೇನೆ ಎಂದು ಹಟ ಹಿಡಿದು ಕೂತಿದ್ದ ಸಮಯ. ಮನೆಯಲ್ಲಿ ಊಟದ ಹೊತ್ತಿಗೆಲ್ಲ ಇದೇ ಮಾತು. ಅವನ ಅಮ್ಮ ಒಂದು ಕಡೆ, ಅವನು ಒಂದು ಕಡೆ, ನಾನು ಎಂದಿನಂತೆ ಎರಡೂ ಕಡೆ. ಐಫೆಲ್ ಗೋಪುರ, ಲೂವ್ರ್ ಎಲ್ಲ ಆದ ಮೇಲೆ ಉಳಿದ ಒಂದು ದಿನ ಅವನನ್ನು ಮಾತ್ರ ಕರೆದುಕೊಂಡು ಅಮಿಯಾಂಗೆ ಹೊರಟೆ. ಪ್ಯಾರಿಸ್ಸಿನಿಂದ ಉತ್ತರಕ್ಕೆ ಸುಮಾರು ಒಂದೂಕಾಲು ಗಂಟೆಯ ದಾರಿ. ನನ್ನ ಚೀಲದಲ್ಲಿ ಹಳೆಯ ಪುಸ್ತಕವೊಂದರಿಂದ ಜೆರಾಕ್ಸ್ ಮಾಡಿಸಿದ ಒಂದು ಚಿತ್ರವಿತ್ತು.

ಆ ಚಿತ್ರವನ್ನು ನೀವೂ ನೋಡಿರಬಹುದು. ಬಲಕ್ಕೆ ನುಗ್ಗುತ್ತಿರುವ ಹಳೆಯ ರೇಸ್ ಕಾರು, ಬೆನ್ನ ಮೇಲೆ ದೊಡ್ಡದಾಗಿ 6 ಎಂಬ ಅಂಕಿ. ಕಾರಿನ ಮುಂಭಾಗವೇ ಇಲ್ಲ, ಚೌಕಟ್ಟಿನಾಚೆಗೆ ಓಡಿಹೋಗಿದೆ. ಹಿಂದಿನ ಚಕ್ರ ಗುಂಡಗಿರದೆ ಮೊಟ್ಟೆಯ ಹಾಗೆ ಮುಂದಕ್ಕೆ ಬಾಗಿದೆ. ಹಿನ್ನೆಲೆಯಲ್ಲಿ ನಿಂತ ಜನ, ಕಂಬ ಎಲ್ಲವೂ ಹಿಂದಕ್ಕೆ, ಎಡಕ್ಕೆ, ವಾಲಿವೆ. ವೇಗ ಎಂದರೇನು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ತೆಗೆದವನು ಝಾಕ್ ಆನ್ರಿ ಲಾರ್ತೀಗ್. ಅವನ ಲೆಕ್ಕದಲ್ಲಿ ಮಾತ್ರ ಇದು ಕೆಟ್ಟುಹೋದ ಚಿತ್ರ. ಅರ್ಧ ಕಾರು ತುಂಡಾಗಿದೆಯಲ್ಲ! ದಶಕಗಳ ಕಾಲ ಅದು ಬದಿಗೇ ಬಿದ್ದಿತ್ತು.

ಲಾರ್ತೀಗ್ ಹುಟ್ಟಿದ್ದು 1894ರ ಜೂನ್ 13ರಂದು, ಪ್ಯಾರಿಸ್ಸಿನ ಪಕ್ಕದ ಕೂರ್ಬವ್ವಾದಲ್ಲಿ. ಭಾರಿ ಸಿರಿವಂತರ ಮನೆ. ಕ್ಯಾಮೆರಾ ಕೈಗೆ ಬರುವ ಮೊದಲೇ ಹುಡುಗನಿಗೆ ಒಂದು ಹುಚ್ಚಿತ್ತಂತೆ: ಇಷ್ಟವಾದದ್ದನ್ನು ದಿಟ್ಟಿಸಿ ನೋಡಿ, ಕಣ್ಣು ಪಿಳುಕಿಸಿ ಮುಚ್ಚಿ, ದೃಶ್ಯ ಒಳಗೇ ಸಿಕ್ಕಿಬಿತ್ತು ಎಂದುಕೊಳ್ಳುವುದು. ಅದಕ್ಕೆ ಕಣ್ಣಿನ ಬೋನು ಎಂದು ಹೆಸರಿಟ್ಟಿದ್ದ. ಸ್ವಲ್ಪ ದಿನಕ್ಕೆ ಬೋನಿನಲ್ಲಿ ಏನೂ ನಿಲ್ಲುವುದಿಲ್ಲ ಎಂದು ಗೊತ್ತಾಗಿ ಕಾಯಿಲೆ ಬಿದ್ದನಂತೆ. 1902ರಲ್ಲಿ ಅಪ್ಪ ಕ್ಯಾಮೆರಾ ಕೊಡಿಸಿದರು. ಅಲ್ಲಿಂದ ಮುಂದೆ ಜಿಗಿಯುವ ಬೆಕ್ಕು, ಮೆಟ್ಟಿಲಿನಿಂದ ಹಾರುವ ಸೋದರಸಂಬಂಧಿ, ಝಿಸ್ಸು ಎಂಬ ಅಡ್ಡಹೆಸರಿನ ಅಣ್ಣ ಮನೆಯಲ್ಲೇ ಕಟ್ಟಿದ ಗ್ಲೈಡರು, ವಿಮಾನ, ಕಾರಿನ ಓಟ, ಓಡುವುದು ಹಾರುವುದು ಯಾವುದನ್ನೂ ಅವನು ಬಿಡಲಿಲ್ಲ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ, ಪಾಠವೆಲ್ಲ ಮನೆಗೆ ಬರುವ ಮೇಷ್ಟ್ರುಗಳಿಂದ. (ಈ ವಾಕ್ಯವನ್ನು ಓದುತ್ತಿರುವ ವಿದ್ಯಾರ್ಥಿಗಳು ಅಪ್ಪ ಅಮ್ಮನಿಗೆ ತೋರಿಸುವ ಮೊದಲು ಸಿರಿವಂತರ ಮನೆ ಎಂಬ ಮಾತನ್ನೂ ತೋರಿಸುವುದು ಒಳ್ಳೆಯದು.)

ಅಮಿಯಾಂ ಸೋಮ್ ನದಿಯ ದಂಡೆಯ ಊರು. 1220ರಲ್ಲಿ ಕಟ್ಟಲು ಶುರುಮಾಡಿದ ಅದರ ಕೆಥೆಡ್ರಲಿನ ಒಳಗೆ ನಿಂತು ತಲೆಯೆತ್ತಿದರೆ ಛಾವಣಿ 42 ಮೀಟರು ಎತ್ತರದಲ್ಲಿದೆ. ಟೋಪಿ ಹಾಕಿದ್ದರೆ ಬಿದ್ದೇ ಹೋಗಬೇಕು. ಝೂಲ್ ವೆರ್ನ್ ಬದುಕಿದ್ದು, 1905ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ನದಿಯ ಕವಲುಗಳ ನಡುವೆ ದೋಣಿಯಲ್ಲೇ ಹೋಗಿ ಬರಬೇಕಾದ ತರಕಾರಿ ತೋಟಗಳಿವೆ. ಇಷ್ಟೆಲ್ಲ ಇರುವ ಊರಿಗೆ ಬಂದು "ಕಾರಿನ ಓಟ ಎಲ್ಲಿ ನಡೆದಿತ್ತು?" ಎಂದು ಕೇಳಿದರೆ ಯಾರಿಗೆ ಗೊತ್ತಿರುತ್ತದೆ? ಕಾಫಿ ಅಂಗಡಿಯ ಹೆಂಗಸು ಭುಜ ಕುಣಿಸಿ, ನಮ್ಮ ಮುಂದೆ ಬಾದಾಮಿಯ ಮೆಕರೂನು ತಂದಿಟ್ಟರು. ಅದು ಈ ಊರಿನ ಧಾರವಾಡ ಪೇಡ ಎನ್ನಿ.

ಓಟಕ್ಕೆಂದು ಕಟ್ಟಿದ ಟ್ರ್ಯಾಕು ಆಗ ಇಲ್ಲಿರಲಿಲ್ಲ. ಹಳ್ಳಿಗಳ ನಡುವಿನ ಸಾಮಾನ್ಯ ರಸ್ತೆಗಳನ್ನೇ ಮುಚ್ಚಿ ಸುತ್ತಿನ ದಾರಿ ಮಾಡುತ್ತಿದ್ದರು. 1913ರ ಜುಲೈ 12ರಂದು ಫ್ರೆಂಚ್ ಆಟೋಮೊಬೈಲ್ ಕ್ಲಬ್ಬಿನ ಗ್ರಾಂಪ್ರೀ ನಡೆದದ್ದು ಹಾಗೆ, ಊರಿನ ಹೊರಗಿನ ಹಳ್ಳಿದಾರಿಗಳಲ್ಲಿ. ಒಂದು ಸುತ್ತಿಗೆ ಸುಮಾರು 31.6 ಕಿಲೋಮೀಟರು. ಅಂಥವು 29 ಸುತ್ತು, ಒಟ್ಟು 900 ಕಿಲೋಮೀಟರಿಗೂ ಹೆಚ್ಚು! ಬೆಂಗಳೂರಿನಿಂದ ಬೀದರಿಗೆ ಹೋಗಿ, ವಾಪಸು ಹೊರಟು ಒಂದಷ್ಟು ದೂರ ಬಂದ ಹಾಗಾಯಿತು. ಪ್ರತಿ ಕಾರಿನಲ್ಲೂ ಇಬ್ಬರು, ಚಾಲಕ ಮತ್ತು ಮೆಕ್ಯಾನಿಕ್ಕು. ನೂರು ಕಿಲೋಮೀಟರಿಗೆ 20 ಲೀಟರಿಗಿಂತ ಹೆಚ್ಚು ಇಂಧನ ಸುಡುವ ಹಾಗಿಲ್ಲ ಎಂಬ ನಿಯಮ ಬೇರೆ. ಪೂಝೊ ಕಾರಿನ ಝೋರ್ಝ್ ಬ್ವಾಯೊ ಸುಮಾರು ಎಂಟು ಗಂಟೆ ಓಡಿಸಿ, ಗಂಟೆಗೆ 116 ಕಿಲೋಮೀಟರು ಸರಾಸರಿಯಲ್ಲಿ ಗೆದ್ದ.

ಊರಿನ ಆಗ್ನೇಯಕ್ಕೆ ಬೋವ್ ಎಂಬ ಹಳ್ಳಿಯ ಕಡೆ ಬಸ್ಸಿನಲ್ಲಿ ಹೋಗಿ ಇಳಿದೆವು. ಅಕ್ಟೋಬರ್ ತಿಂಗಳು. ಸಕ್ಕರೆ ಬೀಟ್‌ರೂಟನ್ನು ಕಿತ್ತು ಹೊಲದ ಬದಿಯಲ್ಲಿ ರಾಶಿ ಹಾಕಿದ್ದರು. ಅಲೆಅಲೆಯಾದ ಬಯಲು, ತಣ್ಣನೆ ಗಾಳಿ. ರಸ್ತೆಬದಿಯ ಹುಲ್ಲಿನ ಮೇಲೆ ನಿಂತು ಜೆರಾಕ್ಸ್ ಹಾಳೆ ಬಿಚ್ಚಿದೆ.

"ಚಕ್ರ ಯಾಕೆ ಹಾಗೆ ಬಾಗಿದೆ ಹೇಳು ನೋಡೋಣ" ಎಂದೆ. ಅವನಿಗೆ ಗೊತ್ತಿತ್ತು. ಫಿಸಿಕ್ಸಿನಲ್ಲಿ ತೆಗೆದ ಅಂಕಗಳನ್ನು ನೋಡಿದವರು ನಂಬಲಾರರು, ಆದರೆ ಗೊತ್ತಿತ್ತು. ಆ ಕಾಲದ ಕ್ಯಾಮೆರಾದಲ್ಲಿ ಗಾಜಿನ ಫಲಕದ ಮುಂದೆ ಒಂದು ಬಟ್ಟೆಯ ಪರದೆ, ಪರದೆಯಲ್ಲಿ ಅಡ್ಡಕ್ಕೆ ಒಂದು ಸೀಳು. ಗುಂಡಿ ಒತ್ತಿದರೆ ಸೀಳು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಅಂದರೆ ಇಡೀ ಚಿತ್ರ ಒಂದೇ ಸಲಕ್ಕೆ ಮೂಡುವುದಿಲ್ಲ, ಪಟ್ಟಿಪಟ್ಟಿಯಾಗಿ ಒಂದಾದ ಮೇಲೊಂದು ಮೂಡುತ್ತದೆ. ಕ್ಯಾಮೆರಾದೊಳಗೆ ಬಿಂಬ ತಲೆಕೆಳಗಾಗಿರುವುದರಿಂದ ಮೊದಲು ಮೂಡುವುದು ನೆಲ, ಕೊನೆಗೆ ಆಕಾಶ. ಚಕ್ರದ ಬುಡ ಮೂಡಿದ ಮೇಲೆ ತಲೆ ಮೂಡುವಷ್ಟರಲ್ಲಿ ಕಾರು ಮುಂದೆ ಸರಿದಿರುತ್ತದೆ. ಆದ್ದರಿಂದ ಚಕ್ರ ಮುಂದಕ್ಕೆ ಬಾಗುತ್ತದೆ. ಸರಿ, ನಿಂತ ಜನ ಯಾಕೆ ಹಿಂದಕ್ಕೆ ವಾಲಬೇಕು? ಲಾರ್ತೀಗ್ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಿದ್ದ. ಕ್ಯಾಮೆರಾ ಬಲಕ್ಕೆ ತಿರುಗಿದರೆ ನಿಂತವರು ಚೌಕಟ್ಟಿನೊಳಗೆ ಎಡಕ್ಕೆ ಓಡಿದ ಹಾಗೆ. ಕಾರಿನ ವೇಗಕ್ಕೆ ಸರಿಯಾಗಿ ತಿರುಗಿಸಿದ್ದರೆ ಚಕ್ರ ಗುಂಡಗೇ ಬರುತ್ತಿತ್ತು. ಅವನ ಕೈ ಒಂದಿಷ್ಟು ಹಿಂದೆ ಬಿತ್ತು. ಆ ಒಂದಿಷ್ಟರಿಂದಲೇ ಈ ಚಿತ್ರ.

"ನನ್ನ ಫೋನಿನಲ್ಲೂ ಸಾಲುಸಾಲಾಗಿಯೇ ಓದೋದು ಅಪ್ಪಾ. ಅದಕ್ಕೇ ಕಂಬ ವಾಲಿದ್ದು" ಎಂದ. ನನಗೆ ಅದು ಗೊತ್ತಿರಲಿಲ್ಲ.

ಇನ್ನು ಚಿತ್ರದ ಅಡಿಬರಹದ ಕಥೆ. ನನ್ನ ಜೆರಾಕ್ಸಿನ ಕೆಳಗೆ ಅಚ್ಚಾಗಿರುವುದು ‘ಡೆಲಾಝ್ ಕಾರು, ಗ್ರಾಂಪ್ರೀ, ದಿಯೆಪ್, 1912ರ ಜೂನ್ 26’ ಎಂದು. ದಿಯೆಪ್ ಸಮುದ್ರದ ದಂಡೆಯ ಬೇರೆಯೇ ಊರು. ಲಾರ್ತೀಗ್ ಅಂಥಿಂಥ ಲೆಕ್ಕದ ಮನುಷ್ಯನಲ್ಲ: ದಿನಚರಿ ಬರೆಯುತ್ತಿದ್ದ, ಅಂದಿನ ಹವಾಮಾನ ಗುರುತು ಹಾಕುತ್ತಿದ್ದ, ತೆಗೆದ ಚಿತ್ರಗಳನ್ನು ಪುಟ್ಟ ರೇಖೆಗಳಲ್ಲಿ ಮತ್ತೆ ಬಿಡಿಸಿಡುತ್ತಿದ್ದ. ಆದರೂ ಈ ಹೆಸರು ತಪ್ಪು. ಹಳೆಯ ಕಾರುಗಳನ್ನು ಬಲ್ಲವರು ಕೂತು ನೋಡಿದಾಗ, 1912ರ ದಿಯೆಪ್ ಓಟಕ್ಕೆ ಡೆಲಾಝ್ ಕಾರು ಬಂದೇ ಇರಲಿಲ್ಲ. ಚಿತ್ರದಲ್ಲಿರುವುದು ಥಿಯೋಡೋರ್ ಶ್ನೈಡರ್ ಕಂಪನಿಯ ಕಾರು, ಚಾಲಕ ಕ್ರೋಕೆ, ಓಟ 1913ರ ಅಮಿಯಾಂನದು. ಎಷ್ಟೋ ಕಡೆ ಇಂದಿಗೂ ಹಳೆಯ ಬರಹವೇ ಮುಂದುವರಿದಿದೆ. ನಮ್ಮ ಮನೆಯಲ್ಲೂ ತಾತನ ಫೋಟೋ ಒಂದರ ಬೆನ್ನಿಗೆ ಅಜ್ಜಿ ‘ಮೈಸೂರು ದಸರಾ’ ಎಂದು ಬರೆದಿದ್ದಾರೆ. ಹಿಂದೆ ಕಾಣುವ ತೇರು ಮಾತ್ರ ನಂಜನಗೂಡಿನದು. ಅಜ್ಜಿಯನ್ನು ತಿದ್ದುವ ಧೈರ್ಯ ಯಾರಿಗೂ ಆಗಲಿಲ್ಲ.

ಒಂದು ವರ್ಷದ ವ್ಯತ್ಯಾಸ ಅಷ್ಟೇ ತಾನೆ ಎನ್ನಬಹುದು. ಆ ಹೊಲದ ಬದಿಯಲ್ಲಿ ನಿಂತಾಗ ನನಗೆ ಹಾಗನ್ನಿಸಲಿಲ್ಲ. 1913ರ ಜುಲೈ ಎಂದರೆ ಮುಂದಿನ ವರ್ಷ ಆಗಸ್ಟಿನಲ್ಲಿ ಯುದ್ಧ. ಸೈನ್ಯ ಮೊದಲು ಕರೆದದ್ದು ಇಂಥ ರಸ್ತೆಬದಿಯಲ್ಲಿ ನಿಂತಿದ್ದಂಥ ಹುಡುಗರನ್ನೇ. 1916ರಲ್ಲಿ ಇದೇ ನದಿಯ ಹೆಸರಿನ ಸೋಮ್ ಕದನ ಇಲ್ಲಿಂದ ಪೂರ್ವಕ್ಕೆ ತಿಂಗಳುಗಟ್ಟಲೆ ನಡೆಯಿತು. ಅಲ್ಲಿ ಈಟಿ ಹಿಡಿದು ಕುದುರೆ ಓಡಿಸಿದವರಲ್ಲಿ ನಮ್ಮ ದೇಶದ ಡೆಕ್ಕನ್ ಹಾರ್ಸ್ ಪಡೆಯವರೂ ಇದ್ದರು. ಓಟ ಗೆದ್ದ ಬ್ವಾಯೊ ವಿಮಾನ ಚಾಲಕನಾಗಿ ಅದೇ 1916ರಲ್ಲಿ ಸತ್ತ. ಚಿತ್ರದಲ್ಲಿ ಎಡಕ್ಕೆ ವಾಲಿ ನಿಂತ ಆ ಜನರಲ್ಲಿ ಯಾರು ಉಳಿದರೋ. ಮಗ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಕಾರನ್ನಲ್ಲ, ಜನರನ್ನು.

ಇಷ್ಟಾದರೂ ಲಾರ್ತೀಗ್ ಹೊಟ್ಟೆ ಹೊರೆದದ್ದು ಫೋಟೋದಿಂದಲ್ಲ. ಅಪ್ಪನ ಸಿರಿ ಕರಗಿತು, ಅವನು ವರ್ಣಚಿತ್ರ ಬರೆದು ಬದುಕಿದ, ತಾನು ಚಿತ್ರಕಾರ ಎಂದೇ ಹೇಳಿಕೊಂಡ. ಫೋಟೋಗಳು ನೂರಕ್ಕೂ ಹೆಚ್ಚು ಆಲ್ಬಮ್ಮುಗಳಲ್ಲಿ ಮನೆಯಲ್ಲೇ ಉಳಿದವು. 1962ರಲ್ಲಿ ಹೆಂಡತಿ ಫ್ಲೋರೆತ್ ಜೊತೆ ಅಮೆರಿಕಕ್ಕೆ ಹೋದಾಗ ಒಂದಷ್ಟು ಚಿತ್ರ ಜೊತೆಗಿದ್ದವು. ಅವು ಕೈಯಿಂದ ಕೈಗೆ ಹೋಗಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನ ಜಾನ್ ಸರ್ಕೋವ್‌ಸ್ಕಿಯ ಮೇಜಿಗೆ ತಲುಪಿದವು. 1963ರಲ್ಲಿ ಅಲ್ಲಿ ಪ್ರದರ್ಶನವಾದಾಗ ಲಾರ್ತೀಗನಿಗೆ 69 ವರ್ಷ. ಅದೇ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆ ಅವನ ಚಿತ್ರಗಳನ್ನು ಅಚ್ಚು ಹಾಕಿತು. ಆ ಸಂಚಿಕೆಯೇ ಕೆನಡಿ ಹತ್ಯೆಯ ಸಂಚಿಕೆಯೂ ಆಗಿ, ಮನೆಮನೆಯಲ್ಲಿ ಅದನ್ನು ಎತ್ತಿಟ್ಟುಕೊಂಡರು. ಅದೃಷ್ಟ ಎನ್ನಬೇಕೋ ಬೇಡವೋ ತಿಳಿಯದು. 1974ರಲ್ಲಿ ಅಧ್ಯಕ್ಷ ಝಿಸ್ಕಾರ್ ದೆಸ್ತ್ಯಾಂ ತನ್ನ ಅಧಿಕೃತ ಭಾವಚಿತ್ರ ತೆಗೆಯಲು ಅವನನ್ನೇ ಕರೆದ. 1979ರಲ್ಲಿ ಲಾರ್ತೀಗ್ ತನ್ನ ಚಿತ್ರಗಳನ್ನೆಲ್ಲ ಫ್ರೆಂಚ್ ಸರಕಾರಕ್ಕೆ ಕೊಟ್ಟು, 1986ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡ.

ನ್ಯೂಯಾರ್ಕಿನವರು ಕಟ್ಟಿದ ಕಥೆ ಏನೆಂದರೆ, ಏನೂ ಅರಿಯದ ಮುಗ್ಧ ಬಾಲಕ, ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ಮುಂದಿನ ಕಾಲದ ಕಲೆಯನ್ನೇ ತೆಗೆದುಬಿಟ್ಟ ಎಂದು. ಕೇಳಲು ಸೊಗಸು. ಕೆವಿನ್ ಮೂರ್ ಎಂಬ ವಿದ್ವಾಂಸ 2004ರ ತನ್ನ ಪುಸ್ತಕದಲ್ಲಿ ಈ ಕಥೆಯನ್ನು ಬಿಚ್ಚಿ ನೋಡಿದ್ದಾನೆ. ನನಗೂ ಈ ಮುಗ್ಧತೆಯ ಮಾತು ಪೂರಾ ಒಪ್ಪಿಗೆಯಿಲ್ಲ. ಈ ಕಾರನ್ನು ತೆಗೆದಾಗ ಅವನಿಗೆ 19 ತುಂಬಿತ್ತು. ಹತ್ತು ವರ್ಷಕ್ಕೂ ಮೇಲೆ ಕೈ ಪಳಗಿತ್ತು, ಪತ್ರಿಕೆಗಳಿಗೂ ಚಿತ್ರ ಕೊಟ್ಟಿದ್ದ. ತಪ್ಪು ತಾನಾಗಿ ಬಂತು, ಅದು ನಿಜ. ಆದರೆ ಓಡುವ ಕಾರಿನ ಎದುರು ಅಷ್ಟು ಹತ್ತಿರ ನಿಂತು, ಜೊತೆಗೇ ತಿರುಗಬೇಕೆಂದು ತಿಳಿದವನಿಗಲ್ಲವೆ ಅಂಥ ತಪ್ಪು ಬರುವುದು?

ಇದನ್ನೆಲ್ಲ ಮಗನಿಗೆ ಹೇಳಿ, "ನೋಡು, ಅವನಿಗೆ ಹೆಸರು ಬಂದದ್ದು 69ಕ್ಕೆ, ಅಲ್ಲೀತನಕ ಊಟಕ್ಕೆ ಬೇರೆ ಕೆಲಸ ಇತ್ತು" ಎಂದು ಸೇರಿಸಿದೆ. ಇಷ್ಟು ದೂರ ಕರೆತಂದ ಮೇಲೆ ಅಮ್ಮನ ಪರವಾಗಿ ಒಂದು ಮಾತಾದರೂ ಆಡಬೇಡವೆ?

ಅವನು ಕೇಳಿಸಿಕೊಂಡನೋ ಇಲ್ಲವೋ. ಬೀಟ್‌ರೂಟು ತುಂಬಿದ ಟ್ರ್ಯಾಕ್ಟರೊಂದು ಮಣ್ಣು ಉದುರಿಸುತ್ತ ಬರುತ್ತಿತ್ತು. ಫೋನು ಅಡ್ಡ ಹಿಡಿದು ಅದರ ಜೊತೆಗೇ ಸೊಂಟ ತಿರುಗಿಸಿದ. ಒಂದು, ಎರಡು, ಮೂರು ಸಲ. ಟ್ರ್ಯಾಕ್ಟರಿನವನು ನಕ್ಕು ಕೈಯೆತ್ತಿದ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನಾನು ಕೂಗಿದೆ. ಅವನು ಹುಲ್ಲಿನ ಮೇಲೆ ಕೂತು ಏನೋ ಒತ್ತುತ್ತಿದ್ದ.

"ಅಪ್ಪಾ, ಈ ಊರಿನ ಹೆಸರು ಏನಂದ್ರಿ? ಸರಿಯಾಗಿ ಹೇಳಿ" ಎಂದ.