ಅಡಿಗೆ ಕಾಲು ಇಂಚು

ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನೊಬ್ಬ ಕರಣಿ ಹಿಡಿದ ಕಥೆ ಇದು. ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಕ್ಕರೆ ಬೇಸರವಿಲ್ಲ.

ಇಂಗಳೇಶ್ವರದ ನಮ್ಮ ಮನೆಯ ಬಚ್ಚಲು ಅಡುಗೆಮನೆಯ ಹಿಂದೆ, ಎರಡು ಮೆಟ್ಟಿಲು ಇಳಿದ ಮೇಲಿದೆ. ಮಲಗುವ ಕೋಣೆಗೆ ತಾಗಿದ್ದುದು, ಸ್ವಚ್ಛ ಭಾರತ ಅಭಿಯಾನದ ದಿನಗಳಲ್ಲಿ, 2016ರಲ್ಲಿ ಕಟ್ಟಿಸಿದ ಜೋಡಿಗುಂಡಿಯ ಶೌಚಾಲಯ. ಅಗಲ ನಾಲ್ಕು ಅಡಿ, ಉದ್ದ ಮೂರೂವರೆ ಅಡಿ. ಒಂದು ಕಮೋಡು, ಮೂಲೆಯಲ್ಲೊಂದು ಬೇಸಿನ್ನು, ಅಷ್ಟೆ. 2022ರ ಶ್ರಾವಣದ ಒಂದು ನಸುಕಿನಲ್ಲಿ ನನ್ನ ಶ್ರೀಮತಿ ಬಚ್ಚಲಿನ ಪಾಚಿಗಟ್ಟಿದ ಫರಸಿಯ ಮೇಲೆ ಜಾರಿ ಬಿದ್ದಳು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಮೂರು ವಾರ ಹಾಸಿಗೆಯಲ್ಲೇ ಮೈ ಒರೆಸಿಕೊಳ್ಳಬೇಕಾದದ್ದು ನೋವಿಗಿಂತ ಹೆಚ್ಚಾಗಿ ಅವಳನ್ನು ಕುಗ್ಗಿಸಿತು.

ಶೌಚಾಲಯವನ್ನೇ ಹಿಗ್ಗಿಸಿ ಸ್ನಾನಕ್ಕೂ ಅನುಕೂಲ ಮಾಡೋಣವೆಂದೆ. "ಪಾಯಖಾನಿಯೊಳಗ ಜಳಕಾ ಮಾಡಿ ಬಂದು ಪೂಜಾ ಹೆಂಗ ಮಾಡ್ಲಿ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇತ್ತ ಗೌಂಡಿಗಳು ಸಣ್ಣ ಕೆಲಸವೆಂದು ಬರಲೊಲ್ಲರು. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಮಂಟಪವಿರುವ ಊರು ನಮ್ಮದು. ಪ್ರತಿ ಬಸವ ಜಯಂತಿಗೆ ಕಾಯಕದ ಕುರಿತು ಭಾಷಣ ಮಾಡಿದವನಿಗೆ ನಾಚಿಕೆಯಾಯಿತು. ನಾನೇ ಕೆಲಸಕ್ಕಿಳಿದೆ.

ಹಗ್ಗಕ್ಕೆ ಮೂರು, ನಾಲ್ಕು, ಐದು ಅಡಿಗಳ ಗುರುತು ಹಾಕಿ ಲಂಬಕೋನ ತೆಗೆದೆ, ಪೈಥಾಗೊರಸ್ ಕೈಬಿಡಲಿಲ್ಲ. ಕೋಣೆಯ ಉದ್ದವನ್ನು ಏಳು ಅಡಿ ಮಾಡಿದೆ. ಸ್ನಾನದ ನೀರು ಜೋಡಿಗುಂಡಿಗೆ ಸೇರಬಾರದು. ಸೇರಿದರೆ ಗುಂಡಿ ಬೇಗ ತುಂಬುತ್ತದೆ, ಮಲ ಒಣಗಿ ಗೊಬ್ಬರವಾಗುವುದಿಲ್ಲ. ಆದ್ದರಿಂದ ಪ್ರತ್ಯೇಕ ಕೊಳವೆ ಹಾಕಿ ನೀರನ್ನು ಬಾಳೆಯ ಬುಡಕ್ಕೆ ಹರಿಸಿದೆ. ನಹಾನಿ ಟ್ರ್ಯಾಪಿನಲ್ಲಿ ಸದಾ ನಿಲ್ಲುವ ಎರಡು ಇಂಚು ನೀರೇ ದುರ್ವಾಸನೆಯನ್ನು ತಡೆಯುತ್ತದೆ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿದೆ. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗಬಾರದಲ್ಲ. ವಿದ್ಯುತ್ತಿನ ಕೆಲಸಕ್ಕೆ ಮಾತ್ರ ಬಲ್ಲವರನ್ನು ಕರೆಸಿದೆ.

ನೆಲವನ್ನು ಮಟ್ಟಗೋಲು ಹಿಡಿದು, ಗುಳ್ಳೆ ನಡುವೆಯೇ ನಿಲ್ಲುವಂತೆ ಹಾಕಿದೆ. ಅಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಈಗ ಗೌಂಡಿ, ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲೇ ನಪಾಸಾದವನು. ಅವನು ಒಂದು ತಂಬಿಗೆ ನೀರು ಸುರಿದ. ನೀರು ಸುರಿದಲ್ಲೇ ನಿಂತಿತು. "ಲೆವೆಲ್ ಬರೋಬ್ಬರಿ ಐತ್ರಿ ಸರ್, ಅದಽ ತಪ್ಪು" ಎಂದ. ಅಡಿಗೆ ಕಾಲು ಇಂಚು ಇಳಿಜಾರು ಬೇಕಂತೆ. ಏಳು ಅಡಿಗೆ ಒಂದೂ ಮುಕ್ಕಾಲು ಇಂಚು. ಲೆಕ್ಕ ನಾನು ಮಾಡಿದೆ, ಬುದ್ಧಿ ಅವನದು. ನಾನು ಮೌನವಾಗಿ ನೆಲ ಒಡೆದೆ. ಮರುದಿನ ಇಬ್ಬರೂ ಕೂಡಿ ಹಾಕಿದೆವು. ಜಾರದಂತೆ ಒರಟು ಫರಸಿ ಹಾಸಿ, ಗೋಡೆಗೆ ಸ್ಟೀಲಿನ ಹಿಡಿಕೆ ಕೂಡಿಸಿದೆವು. ಅವನು ಕೂಲಿ ಮುಟ್ಟಲಿಲ್ಲ. ಅವನ ಅಂಗೈ ನೋಡಿದಾಗ ನನ್ನ ಬೆತ್ತ ನೆನಪಾಯಿತು. ಹೇಳಬೇಕಾದ ಮಾತನ್ನು ಅಂದು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ: ತಪ್ಪಾಯಿತಪ್ಪಾ.

ಶ್ರೀಮತಿಯ ಪ್ರಶ್ನೆಗೆ ಉತ್ತರವನ್ನು ಅವಳೇ ಕಂಡುಕೊಂಡಳು. ತನ್ನ ಹಳೆಯ ಇಳಕಲ್ ಸೀರೆಯನ್ನು ಕಮೋಡಿನ ಮುಂದೆ ಪರದೆಯಾಗಿ ಕಟ್ಟಿದಳು. "ಈಗ ಅದು ಬ್ಯಾರೆ, ಇದು ಬ್ಯಾರೆ" ಎಂದು ಹೇಳಿ, ಹಿಡಿಕೆ ಹಿಡಿದು ಒಳಗೆ ಹೋದಳು. ನಾನು ಹೊರಗೆ ನಿಂತು, ನೀರು ಹರಿದು ಬಾಳೆಯತ್ತ ಹೋಗುವ ಸದ್ದನ್ನು ಕೇಳಿದೆ.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಅವರು ಬೀಳುವ ಮೊದಲೇ ಒಂದು ಹಿಡಿಕೆ ಹಾಕಿಸಿರಿ. ನಾನು ತಡಮಾಡಿದ್ದೆ.