1610ರ ಫೆಬ್ರವರಿ

ಬಾಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಮೂಲಪುರುಷ 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದವನು. ಅಲ್ಲಿಂದೀಚೆಗಿನ ವಂಶಾವಳಿ ಅವರ ಬಳಿ ಭದ್ರವಾಗಿತ್ತು. ಆತ ಯಾವ ಊರಿನವನು ಎಂಬುದಷ್ಟೇ ಗೊತ್ತಿರಲಿಲ್ಲ. ಹಳೆಯ ದಾಖಲೆ ಓದುವ ಹುಚ್ಚಿದ್ದ ನಾನು ಹುಡುಕಿಕೊಡುತ್ತೇನೆಂದು ಒಪ್ಪಿಕೊಂಡೆ.

ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಕಟ್ಟಳೆ ಬಂದದ್ದು 1538ರಲ್ಲಿ. ಸಫೋಕ್ ಸೀಮೆಯ ಒಂದು ಹಳ್ಳಿಯ ಪುಸ್ತಕದಲ್ಲಿ ನಮಗೆ ಬೇಕಾದ ಹೆಸರೇ ಸಿಕ್ಕಿತು: 1610ರ ಜೂನ್‌ನಲ್ಲಿ ದೀಕ್ಷಾಸ್ನಾನ. ವಯಸ್ಸು ಹೊಂದುತ್ತಿತ್ತು. ಆ ಸೀಮೆಯಿಂದ ಮ್ಯಾಸಚೂಸೆಟ್ಸ್‌ಗೆ ಹೋದವರೂ ಬಹಳ. ಶವಸಂಸ್ಕಾರದ ಪುಟವನ್ನೂ ನೋಡಿದೆ. ಅಲ್ಲೊಂದು ಮಗು, ಅದೇ ಹೆಸರು, ಅದೇ ತಂದೆ. ತಾರೀಖು 1610ರ ಫೆಬ್ರವರಿ. ಜೂನ್‌ಗಿಂತ ಮೊದಲು ತೀರಿಕೊಂಡದ್ದು ಅಣ್ಣನಿರಬೇಕು, ಅವನ ಹೆಸರನ್ನೇ ತಮ್ಮನಿಗೆ ಇಟ್ಟಿದ್ದಾರೆ ಅಂದುಕೊಂಡೆ. ಆಗ ಹಾಗೆ ಇಡುವ ರೂಢಿಯೂ ಇತ್ತು.

ಅಜ್ಜಿ ಆ ಹಳ್ಳಿಗೆ ಹೋಗಿಬಂದರು. ಚರ್ಚಿನ ಕಲ್ಲಿನ ತೊಟ್ಟಿಯನ್ನು ಮುಟ್ಟಿ ನೋಡಿದ್ದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು.

ಆಮೇಲೆ ನನ್ನ ಟಿಪ್ಪಣಿ ನೋಡಿದ ಹಿರಿಯ ಸಂಶೋಧಕರೊಬ್ಬರು ಕೇಳಿದ್ದು ಒಂದೇ ಮಾತು: ಆಗ ವರ್ಷ ಯಾವತ್ತು ಶುರುವಾಗುತ್ತಿತ್ತು?

ಇಂಗ್ಲೆಂಡಿನಲ್ಲಿ, ಅದರ ವಸಾಹತುಗಳಲ್ಲೂ, 1752ಕ್ಕೆ ಮೊದಲು ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ವರ್ಷವನ್ನು ಮನೆಯ ಬೈಬಲ್‌ನಲ್ಲಿ 1731/2 ಎಂದು ಜೋಡಿಯಾಗಿ ಬರೆದಿರುವುದು ಇದೇ ಕಾರಣಕ್ಕೆ. ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಹೆಸರು ಸಿಕ್ಕ ಸಂಭ್ರಮದಲ್ಲಿ ಲೆಕ್ಕ ಹಾಕಲಿಲ್ಲ. ಆ ಪುಸ್ತಕದ 1610ರ ಫೆಬ್ರವರಿ ಜೂನ್ ಕಳೆದ ಮೇಲೆ ಬಂದದ್ದು, ನಮ್ಮ ಲೆಕ್ಕದಲ್ಲಿ 1611. ಅಣ್ಣ ತಮ್ಮ ಯಾರೂ ಇರಲಿಲ್ಲ. ಜೂನ್‌ನಲ್ಲಿ ದೀಕ್ಷಾಸ್ನಾನವಾದ ಕೂಸೇ ವರ್ಷ ತುಂಬುವ ಮೊದಲು ಮಣ್ಣು ಸೇರಿತ್ತು. ಅದು ಹಡಗು ಹತ್ತಲಿಲ್ಲ, ಯಾರ ಮೂಲಪುರುಷನೂ ಆಗಲಿಲ್ಲ.

ಅಜ್ಜಿಗೆ ಹೇಳುವುದು ಕಷ್ಟವಾಯಿತು. ಅವರು ಸುಮ್ಮನೆ ಕೇಳಿಸಿಕೊಂಡು, "ಆ ಮಗುವಿನ ತಾಯಿಗೆ ಬೇರೆ ಮಕ್ಕಳಿದ್ದರಾ?" ಅಂದರು. ಇದ್ದರು, ಇಬ್ಬರು ಹೆಣ್ಣುಮಕ್ಕಳು.

ಈಗ ಉಯಿಲುಗಳನ್ನು ಓದುತ್ತಿದ್ದೇನೆ. ಹೆನ್ರಿ ವಾಟರ್ಸ್ 1889ರಲ್ಲಿ ವಾಷಿಂಗ್ಟನ್ ಮನೆತನದ ಇಂಗ್ಲೆಂಡಿನ ಬೇರು ಹಿಡಿದದ್ದು ಇಂಥ ಆಸ್ತಿ ಕಾಗದಗಳಿಂದಲೇ. ಕಡಲಾಚೆಯ ನ್ಯೂ ಇಂಗ್ಲೆಂಡಿನಲ್ಲಿರುವ ಮಗನಿಗೆ ಇಷ್ಟು ಎಂದು ಬರೆದಿಟ್ಟ ತಂದೆತಾಯಿಗಳು ಇದ್ದಾರೆ. ಅಂಥ ಒಂದು ಸಾಲು ಸಿಗುವ ತನಕ ವಂಶಾವಳಿಯಲ್ಲಿ ಯಾವ ಊರಿನ ಹೆಸರನ್ನೂ ಬರೆಯುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ.